ಪುಟ್ಟಿಯ ಬಟ್ಟೆ ವಿಚಾರ

ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೀನಿ, ನೀವೆಲ್ಲ ಆರೋಗ್ಯ ಅಂದುಕೊಂಡಿದ್ದೀನಿ. ನಿನ್ನ ಕಾಗದ ತಲುಪಿತು. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಪುಟ್ಟಿಯ ಉಬ್ಬಸದ್ದೇ. ಶಾರದತ್ತೆ ಬೇರೆ ಆ ಚಳಿಗೆ ಮಗೂನ ಕಳಿಸ್ತೀರಾ ಅಂತ ನಿನ್ನ ತಲೆ ಕೆಡಿಸಿದ್ದಾರೆ. ಅವಳು ನಾನಿರೋ ಈ ಊರಿಗೆ ಓದೋಕೆ ಬರಲಿ ಅಮ್ಮ, ಏನೂ ಆಗಲ್ಲ. ಆದರೆ ನೀನು ಬರೆದಿರೋ ಪಟ್ಟಿ ಇದೆಯಲ್ಲ, ಒಂದು ದಪ್ಪ ಕೋಟು, ಆರು ಸ್ವೆಟರ್, ಹತ್ತು ಕಾಟನ್ ಟಾಪ್, ಎರಡು ಮಂಕಿ ಕ್ಯಾಪ್, ಅದನ್ನ ಅಪ್ಪ ಅಂಗಡಿಗೆ ತಗೊಂಡು ಹೋಗೋ ಮುಂಚೆ ಇದನ್ನ ಪೂರ್ತಿ ಓದು. ಅವರಿಗೂ ಓದಿ ಹೇಳು.

ಇಲ್ಲಿಯದು ನೀನು ಟೀವಿಯಲ್ಲಿ ನೋಡೋ ಹಿಮದ ಚಳಿ ಅಲ್ಲ. ಚಳಿಗಾಲದಲ್ಲಿ ಹೆಚ್ಚಿನ ದಿನ 2ರಿಂದ 8 ಡಿಗ್ರಿ, ಜೊತೆಗೆ ಜಿಟಿಜಿಟಿ ಮಳೆ, ಗಾಳಿ. 5 ಡಿಗ್ರಿ ಇರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಸೊನ್ನೆ ಡಿಗ್ರಿ ಅನ್ನಿಸುತ್ತೆ. ಅದರ ಮೇಲೆ ಬಟ್ಟೆಯೂ ಒದ್ದೆಯಾದರೆ ಕಷ್ಟ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖ ಎಳೆದುಕೊಳ್ಳುತ್ತೆ. ಬಟ್ಟೆ ಬೆಚ್ಚಗಿಡೋದು ನೂಲಿನ ಸಂದಿಯಲ್ಲಿ ಹಿಡಿದಿಟ್ಟ ಗಾಳಿಯಿಂದ. ಆ ಸಂದಿಗೆ ನೀರು ಹೊಕ್ಕರೆ ಬಟ್ಟೆ ಎಷ್ಟು ದಪ್ಪ ಇದ್ದರೂ ಅಷ್ಟೇ. ಹಾಗಾಗಿ ಏನೇ ತಗೊಂಡರೂ ಎಷ್ಟು ದಪ್ಪ ಅಂತ ನೋಡಬೇಡ, ಎಷ್ಟು ಬೇಗ ಒಣಗುತ್ತೆ ಅಂತ ನೋಡು. ಪುಟ್ಟಿಯ ಉಬ್ಬಸಕ್ಕೂ ಇದಕ್ಕೂ ನೇರ ಸಂಬಂಧ ಇದೆ, ಕೆಳಗೆ ಬರೀತೀನಿ.

ಮೊದಲು ಆ ಹತ್ತು ಕಾಟನ್ ಟಾಪಿನ ವಿಷಯ. ಸೆಖೆಯ ಊರಿಗೆ ಕಾಟನ್ನಿನಂಥದ್ದು ಇನ್ನೊಂದಿಲ್ಲ, ಬೆವರು ಹೀರಿ ನಿಧಾನಕ್ಕೆ ಆರುತ್ತೆ, ಮೈ ತಂಪಾಗುತ್ತೆ. ಇಲ್ಲಿ ಅದೇ ಗುಣ ತಿರುಗಿಬೀಳುತ್ತೆ. ಬಸ್ಸು, ಕ್ಲಾಸು, ಅಂಗಡಿ ಎಲ್ಲ ಒಳಗೆ 20 ಡಿಗ್ರಿ ಹೀಟರ್. ದಪ್ಪ ಕೋಟಲ್ಲಿ ಬಿರಬಿರನೆ ನಡೆದು ಬಸ್ ಹತ್ತಿದರೆ ಬೆನ್ನು ಬೆವರುತ್ತೆ. ಕಾಟನ್ ಅಷ್ಟನ್ನೂ ಕುಡಿದು ಬಿಡಲ್ಲ. ಆಮೇಲೆ ಇಳಿದು ಗಾಳಿಗೆ ಹತ್ತು ನಿಮಿಷ ನಿಂತರೆ ಬೆನ್ನಿಗೆ ಒದ್ದೆ ಬಟ್ಟೆ ಅಂಟಿಕೊಂಡು ನಡುಕ ಹತ್ತುತ್ತೆ. ಹೊರಗಿನಿಂದ ಒಂದು ಹನಿ ನೀರೂ ಒಳಗೆ ಬಂದಿರಲ್ಲ, ಎಲ್ಲ ಒಳಗಿನದೇ. ಮನೆಯಲ್ಲಿ ಹಾಕೋಕೆ, ಮಲಗೋಕೆ ಮೂರು ನಾಲ್ಕು ಕಾಟನ್ ಸಾಕು. ಜೀನ್ಸೂ ಕಾಟನ್ನೇ, ತೊಡೆ ನೆನೆದರೆ ಸಂಜೆವರೆಗೂ ತಣ್ಣಗೆ ಅಂಟಿಕೊಂಡಿರುತ್ತೆ. ಒಂದು ತರಲಿ, ಮಳೆ ಇಲ್ಲದ ದಿನಕ್ಕೆ. ಉಳಿದ ಎರಡು ಮೂರು ಪ್ಯಾಂಟು ಪಾಲಿಯೆಸ್ಟರ್ ಅಥವಾ ನೈಲಾನ್ ಬೆರೆತದ್ದಾಗಿರಲಿ. ನೆಲದವರೆಗೆ ಇಳಿಬೀಳೋ ಅಗಲ ಕಾಲಿನ ಪ್ಯಾಂಟು ಮಾತ್ರ ಬೇಡವೇ ಬೇಡ. ಅಂಚು ರಸ್ತೆ ನೀರು ಹೀರಿ ಮೊಣಕಾಲವರೆಗೆ ಏರಿಸುತ್ತೆ.

ಮೈಗೆ ತಾಗೋ ಪದರಕ್ಕೆ ಮೆರಿನೊ ಅನ್ನೋ ನಯವಾದ ಕುರಿ ಉಣ್ಣೆಯ ಪೂರ್ತಿ ತೋಳಿನ ಬನಿಯನ್ ಎರಡು, ತೆಳು ಪಾಲಿಯೆಸ್ಟರ್ ಥರ್ಮಲ್, ಅಂದರೆ ಚಳಿಗೆ ಒಳಗೆ ಹಾಕೋ ಬಟ್ಟೆ, ಒಂದು, ಕಾಲಿಗೆ ಥರ್ಮಲ್ ಎರಡು. ಉಣ್ಣೆ ಅಂದ ಕೂಡಲೇ ನೀನು ಚುಚ್ಚುತ್ತೆ ಅಂತೀಯ. ಚುಚ್ಚೋದು ಎಳೆ ದಪ್ಪ ಇದ್ದರೆ. ಲೇಬಲ್ ಮೇಲೆ ಎಳೆಯ ದಪ್ಪ ಮೈಕ್ರಾನ್ ಲೆಕ್ಕದಲ್ಲಿ ಬರೆದಿದ್ದರೆ 19ಕ್ಕಿಂತ ಕಡಿಮೆ ಇರೋದನ್ನ ನೋಡಿ, ಅದು ಬರೀ ಮೈಗೂ ಹಿತವಾಗಿರುತ್ತೆ. ಬಟ್ಟೆಯ ತೂಕ ಚದರ ಮೀಟರಿಗೆ 150ರಿಂದ 200 ಗ್ರಾಂ ಸಾಕು. 250ರದ್ದು ದಿನಬಳಕೆಗೆ ಜಾಸ್ತಿಯಾಯಿತು, ಕ್ಲಾಸಿನಲ್ಲಿ ಕೂತರೆ ಬೇಯಿಸುತ್ತೆ. ಉಣ್ಣೆ ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವ ಒಳಗೆಳೆದುಕೊಂಡರೂ ಮೈಗೆ ಒದ್ದೆ ಅನ್ನಿಸಲ್ಲ, ವಾಸನೆಯೂ ಬೇಗ ಹಿಡಿಯಲ್ಲ. ರಾತ್ರಿ ಗಾಳಿಗೆ ನೇತುಹಾಕಿ ಮೂರು ನಾಲ್ಕು ಸಲ ಹಾಕಬಹುದು. ನಿನಗೆ ಅಸಹ್ಯ ಅನ್ನಿಸಬಹುದು, ಇಲ್ಲಿ ಎಲ್ಲರೂ ಹಾಗೇ ಮಾಡ್ತಾರೆ, ಯಾರೂ ನಾರಲ್ಲ!

ಥರ್ಮಲ್ ಮೈಗೆ ಅಂಟಿದ ಹಾಗೆ ಇರಬೇಕು, ಸಡಿಲ ಇದ್ದರೆ ಬೆವರನ್ನ ಹೊರಗೆ ದಾಟಿಸಲ್ಲ. ಬೆಳೆದರೂ ಆಗಲಿ ಅಂತ ಒಂದು ಸೈಜು ದೊಡ್ಡದು ತರಬೇಡ.

ಅದರ ಮೇಲಿನ ಪದರಕ್ಕೆ ಆರು ಸ್ವೆಟರ್ ಬೇಡ. ಒಂದು ಉಣ್ಣೆ ಸ್ವೆಟರ್, ಒಂದು ಮುಂದೆ ಜಿಪ್ ಇರೋ, ಚದರ ಮೀಟರಿಗೆ 200 ಗ್ರಾಂ ತೂಗೋ ಫ್ಲೀಸ್ (ಮೆತ್ತನೆ ಪಾಲಿಯೆಸ್ಟರ್ ಬಟ್ಟೆಯದು), ಬೇಕಿದ್ದರೆ ಇನ್ನೊಂದು ತೆಳು ಕಾರ್ಡಿಗನ್. ಮುಂದೆ ತೆರೆಯೋದೇ ಒಳ್ಳೇದು, ಬಸ್ ಹತ್ತಿದ ಕೂಡಲೇ ಜಿಪ್ ಇಳಿಸಬಹುದು. ತಲೆ ಮೇಲಿಂದ ಎಳೆಯೋ ದಪ್ಪ ಹೈನೆಕ್ ಸ್ವೆಟರನ್ನ ತುಂಬಿದ ಬಸ್ಸಲ್ಲಿ ಯಾರು ಬಿಚ್ಚುತ್ತಾರೆ? ಸ್ವೆಟರಿನ ಲೇಬಲ್ ತಿರುಗಿಸಿ ನೋಡಿ. ಉಣ್ಣೆ ಅಂತ ಮುಂದೆ ದೊಡ್ಡದಾಗಿ ಬರೆದು ಹಿಂದೆ ಶೇಕಡಾ 80 ಅಕ್ರಿಲಿಕ್ ಅಂತ ಇರುತ್ತೆ. ಅಕ್ರಿಲಿಕ್ ತಕ್ಷಣಕ್ಕೆ ಬೆಚ್ಚಗಿದ್ದರೂ ತೇವ ಹೀರಲ್ಲ, ಒಳಗೆ ಬೆವರಿದರೆ ಜಿಗುಟಾಗುತ್ತೆ, ಕೆಲವೇ ದಿನಕ್ಕೆ ಗುಂಡುಗುಂಡು ನೂಲು ಎದ್ದುಬಿಡುತ್ತೆ.

ದುಡ್ಡು ಹಾಕಬೇಕಾದ್ದು ಎರಡೇ ಕಡೆ, ಮಳೆ ಜಾಕೆಟ್ಟು ಮತ್ತೆ ಶೂ. ಎರಡನ್ನೂ ಅಲ್ಲಿ ಕೊಳ್ಳಬೇಡಿ. ದಾರಿಗೆ ಒಂದು ಸಾದಾ ಮಳೆ ಕೋಟು ಕೈಯಲ್ಲಿದ್ದರೆ ಸಾಕು. ಇಲ್ಲಿ ಸ್ವೆಟರ್ ಹಾಕಿಕೊಂಡೇ ಅಂಗಡಿಗೆ ಹೋಗಿ, ಅದರ ಮೇಲೆ ತೊಟ್ಟು, ಕೈ ಎತ್ತಿ, ಬಗ್ಗಿ, ಕೂತು ನೋಡಿ ತಗೊಳ್ಳೋದು. ಕೈ ಮೇಲೆತ್ತಿದಾಗ ಮಣಿಕಟ್ಟು ಆಚೆ ಬಂದರೆ ತೋಳು ಗಿಡ್ಡ. ಉದ್ದ ತೊಡೆಯ ಅರ್ಧದವರೆಗಾದರೂ ಬೇಕು. ಸೊಂಟಕ್ಕೇ ನಿಲ್ಲೋ ಜಾಕೆಟ್ಟಿನಿಂದ ಇಳಿದ ನೀರೆಲ್ಲ ತೊಡೆ ಮೇಲೇ ಸುರಿಯುತ್ತೆ.

ಲೇಬಲ್ಲಿನಲ್ಲಿ ವಾಟರ್ ರೆಸಿಸ್ಟೆಂಟ್, ಶವರ್‌ಪ್ರೂಫ್ ಅಂತ ಇದ್ದರೆ ಅದು ತುಂತುರಿಗೆ, ಅದೂ ಸ್ವಲ್ಪ ಹೊತ್ತಿಗೆ. ವಾಟರ್‌ಪ್ರೂಫ್ ಅಂತಲೇ ಇರಬೇಕು, ಜೊತೆಗೆ ಮಿಲಿಮೀಟರ್ ಲೆಕ್ಕ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರು ನಿಂತರೆ ಸೋರೋಕೆ ಶುರುವಾಗುತ್ತೆ ಅನ್ನೋದು ಆ ಲೆಕ್ಕ. ದಿನಾ ಓಡಾಡೋಕೆ 10,000 ಮಿ.ಮೀ. ಇದ್ದರೆ ಧಾರಾಳ. ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಲೇಬಲ್ಲೂ ಬೇಡ. ಜಾಕೆಟ್ಟನ್ನ ಒಳಮಗ್ಗುಲು ತಿರುಗಿಸಿ ಭುಜದ ಹೊಲಿಗೆ ನೋಡಬೇಕು. ಹೊಲಿಗೆಯ ಉದ್ದಕ್ಕೂ ಒಂದು ನುಣುಪು ಟೇಪು ಅಂಟಿಸಿರಬೇಕು. ಇಲ್ಲದಿದ್ದರೆ ಸೂಜಿ ಹೋದ ಒಂದೊಂದು ತೂತಿನಿಂದಲೂ ನೀರು ಇಳಿಯುತ್ತೆ, ಬಟ್ಟೆ ಎಷ್ಟೇ ಒಳ್ಳೇದಿರಲಿ. ಹುಡ್ಡಿಗೆ ಮುಂದೆ ಗಟ್ಟಿ ಅಂಚು, ಹಿಂದೆ ಬಿಗಿ ಮಾಡೋ ದಾರ ಇರಲಿ. ತಲೆ ತಿರುಗಿಸಿದಾಗ ಹುಡ್ಡೂ ತಿರುಗಬೇಕು, ಇಲ್ಲಾಂದರೆ ರಸ್ತೆ ದಾಟುವಾಗ ಪಕ್ಕದಿಂದ ಬರೋ ಬಸ್ಸು ಕಾಣಲ್ಲ. ಛತ್ರಿ ಕಳಿಸೋ ಗೋಜಿಗೆ ಹೋಗಬೇಡ. ಇಲ್ಲಿಯ ಗಾಳಿಗೆ ಅದು ತಿರುವುಮುರುವಾಗಿ ಕಡ್ಡಿ ಮುರಿದು ಕಸದ ಡಬ್ಬಿ ಸೇರುತ್ತೆ, ಮಳೆ ಬಂದ ಮಾರನೇ ದಿನ ಡಬ್ಬಿಗಳಲ್ಲಿ ನೋಡಬೇಕು. ಇಲ್ಲಿಯವರು ಹುಡ್ ಎಳೆದುಕೊಂಡು ಸುಮ್ಮನೆ ನಡೀತಾರೆ, ಕೆಲವರು ಕೆಳಗೆ ಚಡ್ಡಿಯಲ್ಲಿ!

ಹೊಸದರಲ್ಲಿ ಜಾಕೆಟ್ಟಿನ ಮೇಲೆ ನೀರು ಹಿಡಿಯದಂಥ ಲೇಪನ ಇರುತ್ತೆ, ನೀರು ಮಣಿಮಣಿಯಾಗಿ ಉರುಳಿಹೋಗುತ್ತೆ. ಬ್ಯಾಗಿನ ಪಟ್ಟಿ ಉಜ್ಜೋ ಭುಜದಲ್ಲಿ ಆ ಲೇಪನ ಮೊದಲು ಸವೆಯುತ್ತೆ. ಆಗ ಮೇಲ್ಬಟ್ಟೆ ನೀರು ಹೀರಿ ಕಪ್ಪಾಗುತ್ತೆ, ಒಳಗಿನ ಬೆವರಿನ ಆವಿ ಹೊರಗೆ ಹೋಗೋಕೆ ದಾರಿ ಇರಲ್ಲ, ಒಳಗೆಲ್ಲ ತೇವ. ಸೋರ್ತಿದೆ ಅಂದುಕೊಂಡು ಜಾಕೆಟ್ಟನ್ನೇ ಬಿಸಾಕೋರು ಇದ್ದಾರೆ. ಒಗೆದು, ಲೇಬಲ್ ಒಪ್ಪಿದರೆ ಡ್ರೈಯರಿನಲ್ಲಿ ಸಣ್ಣ ಶಾಖಕ್ಕೆ ಹಾಕಿದರೆ ಅರ್ಧ ಗುಣ ವಾಪಸ್ ಬರುತ್ತೆ. ಬಾಕಿಗೆ ಅಂಗಡಿಯಲ್ಲಿ ಲೇಪನದ ಸ್ಪ್ರೇ ಸಿಗುತ್ತೆ. ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಹಾಕಲೇಬಾರದು, ಲೇಪನ ಕೆಡುತ್ತೆ. ನೀನು ಕಳಿಸಿದ ಫೋಟೋದಲ್ಲಿರೋ ಹಕ್ಕಿಯ ಗರಿ ತುಂಬಿದ ಉಬ್ಬಿದ ಜಾಕೆಟ್ಟು ಒಣ ಚಳಿಗೆ ಸೊಗಸು, ಈ ಮಳೆಗೆ ಗರಿಯೆಲ್ಲ ಮುದ್ದೆಗಟ್ಟಿ ಮೂಲೆ ಸೇರುತ್ತೆ. ಅದು ಬೇಡ.

ಈಗ ಉಬ್ಬಸ. ತಣ್ಣನೆ ಗಾಳಿ ನೇರ ಎದೆಗೆ ಇಳಿದರೆ ಉಸಿರಿನ ದಾರಿ ಬಿಗಿಯುತ್ತೆ, ನಿನ್ನ ಹೆದರಿಕೆ ತಪ್ಪಲ್ಲ. ಅದಕ್ಕೆ ಇರೋ ಉಪಾಯ ಸಣ್ಣದು. ಹೊರಗೆ ಹೋಗುವಾಗ ಮೂಗು ಬಾಯಿ ಎರಡೂ ಮುಚ್ಚೋ ಹಾಗೆ ಮಫ್ಲರ್ ಸುತ್ತಿ ಮೂಗಿನಲ್ಲೇ ಉಸಿರಾಡೋದು, ಗಾಳಿ ಬೆಚ್ಚಗಾಗಿ ಒಳಗೆ ಹೋಗುತ್ತೆ. ಮಫ್ಲರ್ ನುಣುಪಾಗಿರಬೇಕು, ಕೂದಲು ಉದುರಿಸೋ ಅಂಗೋರಾ, ಮೊಹೇರ್ ಬೇಡ. ಉಸಿರಿಗೆ ಅದು ಒದ್ದೆಯಾಗುತ್ತೆ, ಹಾಗಾಗಿ ಎರಡು ಬೇಕು, ಒಂದು ಆರುವಾಗ ಇನ್ನೊಂದು. ಜಾಕೆಟ್ಟಿಗೆ ಒಳಜೇಬು ಇರಲೇಬೇಕು ಅಂತ ನಾನು ಹಟ ಹಿಡಿಯೋದೂ ಇದಕ್ಕೇ. ಇನ್‌ಹೇಲರ್ ಡಬ್ಬಿ ತಣ್ಣಗಾದರೆ ಸ್ಪ್ರೇ ಸರಿಯಾಗಿ ಬರಲ್ಲ. ಬ್ಯಾಗಿನ ಹೊರ ಜೇಬಲ್ಲಿ ಅಲ್ಲ, ಮೈಗೆ ಹತ್ತಿರ ಒಳಜೇಬಲ್ಲಿ ಇರಬೇಕು. ಹೊರಡೋ ಮುಂಚೆ ಡಾಕ್ಟರ ಹತ್ತಿರ ಹೋಗಿ ದಿನಾ ತಗೊಳ್ಳೋದು ಯಾವುದು, ಉಬ್ಬಸ ಎದ್ದಾಗ ತಗೊಳ್ಳೋದು ಯಾವುದು ಅಂತ ಬರೆಸಿಕೊಂಡು ಚೀಟಿ ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಟ್ರಂಕಿನಲ್ಲಿರೋ ಹಳೇ ಸ್ವೆಟರ್ ಕಳಿಸ್ತೀನಿ ಅಂದಿದ್ದೀಯ. ಅದರಲ್ಲಿ ನುಸಿಗುಳಿಗೆ ಇದೆ. ಆ ವಾಸನೆ ಅವಳಿಗೆ ಆಗಲ್ಲ. ಕಳಿಸಲೇಬೇಕು ಅಂದರೆ ಒಗೆದು, ವಾಸನೆ ಪೂರ್ತಿ ಹೋಗೋವರೆಗೆ ಗಾಳಿಗೆ ಹಾಕು.

ಆದರೆ ಅಮ್ಮ, ರಸ್ತೆಯ ಚಳಿಗಿಂತ ನನಗೆ ಯೋಚನೆ ಇರೋದು ಕೋಣೆಯದ್ದು. ಚಳಿಗಾಲದಲ್ಲಿ ಬಟ್ಟೆ ಹೊರಗೆ ಒಣಗಲ್ಲ, ಎಲ್ಲರೂ ಕೋಣೆಯೊಳಗೇ ಸ್ಟ್ಯಾಂಡಿಗೆ ಹಾಕ್ತಾರೆ. ಒಂದು ಮೆಷೀನ್ ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತೆ. ಅದು ತಣ್ಣನೆ ಹೊರಗೋಡೆಗೆ ಕೂತು ಕಪ್ಪು ಬೂಷ್ಟು ಹಿಡಿಯುತ್ತೆ. ಉಬ್ಬಸ ಇರೋರಿಗೆ ಆ ಬೂಷ್ಟೇ ದೊಡ್ಡ ಶತ್ರು. ಬೇಗ ಒಣಗೋ ಬಟ್ಟೆ ಅಂತ ನಾನು ಮೊದಲಿಂದ ಬಡಕೊಳ್ತಿರೋದು ಇದಕ್ಕೆ. ಒಂದು ಜೀನ್ಸ್ ಒಣಗೋಕೆ ಎರಡು ದಿನ ಹಿಡಿದರೆ, ತೆಳು ಥರ್ಮಲ್ ರಾತ್ರಿ ಹಾಕಿದರೆ ಬೆಳಗ್ಗೆಗೆ ತಯಾರು. ಮಲಗೋ ಕೋಣೆಯಲ್ಲಿ ಒಣಹಾಕಬಾರದು. ಬಚ್ಚಲುಮನೆಯಲ್ಲಿ ಬಾಗಿಲು ಮುಚ್ಚಿ, ಗಾಳಿ ಹೊರಗೆ ತಳ್ಳೋ ಫ್ಯಾನ್ ಹಾಕಿ, ಇಲ್ಲಾ ಕಿಟಕಿ ಬೆರಳಗಲ ತೆಗೆದು. ಉಣ್ಣೆ ಬಿಟ್ಟು ಬೇರೆಯದಕ್ಕೆಲ್ಲ ಮೆಷೀನಿನ ಸ್ಪಿನ್, ಅಂದರೆ ನೀರು ಹಿಂಡೋ ವೇಗ, ನಿಮಿಷಕ್ಕೆ 1200 ಸುತ್ತಿಗೆ ಇಟ್ಟರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಉಣ್ಣೆಯನ್ನ ಟವೆಲಿನಲ್ಲಿ ಸುತ್ತಿ ಒತ್ತಿ, ಹಾಸಿ ಒಣಗಿಸಬೇಕು, ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತೆ. ಬೀರು ಹೊರಗೋಡೆಗೆ ಒತ್ತಿಕೊಂಡಿರಬಾರದು, ಹಿಂದೆ ಒಂದು ಗೇಣು ಜಾಗ ಬಿಡಬೇಕು. ಒದ್ದೆ ಜಾಕೆಟ್ ಅದರೊಳಗೆ ಹೋಗಲೇಬಾರದು, ಬಾಗಿಲ ಹತ್ತಿರದ ಗೂಟಕ್ಕೆ. ಅವಳ ಕೋಣೆ ಅವಳು ಬರೋ ಮುಂಚೆ ನಾನೇ ನೋಡ್ತೀನಿ, ಗೋಡೆ ಮೂಲೆ, ಕಿಟಕಿ ಚೌಕಟ್ಟು ಎಲ್ಲ ಮುಟ್ಟಿ ನೋಡ್ತೀನಿ. ಬೂಷ್ಟು ಇದ್ದರೆ ಆ ಕೋಣೆ ಹಿಡಿಯಲ್ಲ. ನೀನು ನಿಶ್ಚಿಂತೆಯಾಗಿರು.

ಶೂ ಎರಡು ಜೊತೆ ಬೇಕು, ಇದು ದುಂದಲ್ಲ ಅಂತ ಅಪ್ಪನಿಗೆ ಹೇಳು. ನೆನೆದ ಶೂ ಒಂದು ರಾತ್ರಿಗೆ ಒಣಗಲ್ಲ, ಮಾರನೇ ದಿನ ಅದನ್ನೇ ಹಾಕಿದರೆ ಕಾಲು ಇಡೀ ದಿನ ತಣ್ಣಗೆ. ಒಳಗೆ ನ್ಯೂಸ್‌ಪೇಪರ್ ತುರುಕಿ, ಹೀಟರಿನಿಂದ ದೂರ ಇಡಬೇಕು, ಹತ್ತಿರ ಇಟ್ಟರೆ ತೊಗಲು ಬಿರಿಯುತ್ತೆ. ಅಟ್ಟೆ ರಬ್ಬರಿಂದು, ಆಳವಾದ ಗೆರೆ ಇರೋದು, ಒದ್ದೆ ಎಲೆ ಮೇಲೆ ನುಣುಪು ಅಟ್ಟೆ ಜಾರುತ್ತೆ. ಸಾಕ್ಸ್ ಉಣ್ಣೆ ಬೆರೆತದ್ದು ಆರು ಜೊತೆ. ಎರಡೆರಡು ಸಾಕ್ಸ್ ಹಾಕಿ ಶೂ ಬಿಗಿಯಾದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತೆ, ಬೆರಳಾಡಿಸೋಕೆ ಜಾಗ ಇರಬೇಕು.

ಗ್ಲೌಸ್ ಎರಡು ಜೊತೆ, ಗಾಳಿ ತಡೆಯೋದು. ಮಂಕಿ ಕ್ಯಾಪ್ ಒಂದು ಕಳಿಸು, ಹುಡ್ ಒಳಗೆ ಹಾಕಿಕೊಳ್ಳಲಿ. ತಲೆಯಿಂದಲೇ ಅರ್ಧ ಶಾಖ ಹೋಗುತ್ತೆ ಅನ್ನೋದು ಸುಳ್ಳು, ಸುಮಾರು ಹತ್ತರಲ್ಲೊಂದು ಪಾಲು ಅಷ್ಟೇ. ಆದರೂ ಕಿವಿ ಬೆಚ್ಚಗಿರಬೇಕು ಅನ್ನೋ ನಿನ್ನ ಮಾತು ನಿಜವೇ.

ಪುಟ್ಟಿಗೆ ಒಂದು ಮಾತು ಹೇಳು. ಮನೆ ಬಿಡುವಾಗ ಸ್ವಲ್ಪ ಚಳಿ ಅನ್ನಿಸಬೇಕು. ಬಾಗಿಲಲ್ಲೇ ಹಾಯಾಗಿ ಬೆಚ್ಚಗಿದ್ದರೆ ಒಂದು ಪದರ ಜಾಸ್ತಿ ಆಯಿತು ಅಂತ ಅರ್ಥ, ಐದು ನಿಮಿಷ ನಡೆದರೆ ಬೆವರೋದು ಖಂಡಿತ.

ಅವಳ ಅಳತೆ ಕಳಿಸು. ಎದೆ, ಸೊಂಟ, ಕತ್ತಿನ ಹಿಂದಿನ ಮೂಳೆಯಿಂದ ಮಣಿಕಟ್ಟಿನವರೆಗೆ ತೋಳು. ಪಾದವನ್ನ ಸಂಜೆ ಹೊತ್ತು ಅಳೆಯಿರಿ, ಬೆಳಗ್ಗೆಗಿಂತ ಆಗ ಕೊಂಚ ಊದಿರುತ್ತೆ. ಸಾಕ್ಸ್ ಹಾಕಿಸಿ ಪೇಪರ್ ಮೇಲೆ ನಿಲ್ಲಿಸಿ ಗೆರೆ ಎಳೆದು ಎರಡೂ ಪಾದದ ಉದ್ದ ಬರೆದು ಕಳಿಸು. ಅಪ್ಪ ಡಿಪಾಸಿಟ್ ಮುರಿಯೋ ಮಾತೇ ಬೇಡ, ಇಷ್ಟಕ್ಕೆ ಅಷ್ಟು ಆಗಲ್ಲ, ಜಾಕೆಟ್ಟೂ ಶೂನೂ ನನ್ನ ಲೆಕ್ಕ. ಚಿಕ್ಕಪ್ಪನ ಮಂಡಿ ನೋವು ಹೇಗಿದೆ ಅಂತ ನೀನು ಬರೆಯಲೇ ಇಲ್ಲ.

ಬಸ್ಸಿಗೆ ಹೊತ್ತಾಯಿತು, ನಿಲ್ಲಿಸ್ತೀನಿ. ಅಪ್ಪನಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ. ಅವಳಿಗೆ ಏನೂ ಆಗಲ್ಲ, ಅಳತೆ ಬೇಗ ಕಳಿಸು.

ನಿನ್ನ ಮಗಳು