ಬಿಜಲಿ ಭೀಮಾ ದಂಡೆಗೆ ಹೋಗಿ ಬಂದಳು

ಮೊನ್ನೆ ಭಾನುವಾರ ಬೆಳಿಗ್ಗೆ ನನ್ನ ಕುದುರೆ ಬಿಜಲಿ ನನ್ನನ್ನು ಹೊತ್ತುಕೊಂಡು ಯಾದಗಿರಿ ಹತ್ತಿರದ ನಮ್ಮ ಹೊಲದಿಂದ ಭೀಮಾ ನದಿ ದಂಡೆಗೆ ಹೋಗಿ ಬಂದಳು. ಲಗಾಮು ಸಡಿಲವಾಗಿಯೇ ಇತ್ತು. ಎದುರಿಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಬಂದಾಗ ನಿಂತಳು, ಕಿವಿ ನಿಮಿರಿಸಿ ನೋಡಿದಳು, ಮತ್ತೆ ನಡೆದಳು. ಇಷ್ಟಕ್ಕೆ ನಮಗೆ 11 ತಿಂಗಳು ಹಿಡಿಯಿತು.

ಕಳೆದ ವರ್ಷ ಮಹಾರಾಷ್ಟ್ರದ ಮಾಳೇಗಾಂವ್ ಜಾತ್ರೆಯಿಂದ ತಂದ ಹೆಣ್ಣು ಕುದುರೆ. ಜೀನು ಕಂಡರೆ ಹಿಂದೆ ಸರಿಯುತ್ತಿದ್ದಳು, ಕಡಿವಾಣ ಹಾಕಿದರೆ ತಲೆ ಕೊಡವುತ್ತಿದ್ದಳು. ಎರಡು ಸಲ ನನ್ನನ್ನು ಕೆಡವಿದಳು. ಎರಡನೇ ಸಲ ಹೆಗಲ ಮೂಳೆ ಮುರಿಯಿತು. ಹಠಮಾರಿ, ಮಾರಿಬಿಡು ಅಂದವರೇ ಜಾಸ್ತಿ.

ಚಾಚಾ, ಮೊದಲ ಸಲಾಂ ನಿಮಗೆ. ಮದುವೆ ಮೆರವಣಿಗೆಯ ಕುದುರೆಗಳ ಜೊತೆಗೇ ಬಾಳಿದವರು ನೀವು. "ಬೇಟಾ, ಮೂರು ತಿಂಗಳು ಜೀನು ಅಟ್ಟದ ಮ್ಯಾಲ ಇಡು" ಅಂದಿರಿ. ಚಾಬೂಕು ಕಸಿದುಕೊಂಡಿರಿ. ಎದೆಗೆ ಎರಡು ಬೆರಳು ಒತ್ತಿ ಅವಳನ್ನು ಹಿಂದೆ ಸರಿಸುವುದು, ಅದೇ ಮೊದಲ ಪಾಠ. ಅವಳು ಒಂದು ಹೆಜ್ಜೆ ಇಟ್ಟ ತಕ್ಷಣ ಬೆರಳು ತೆಗೆಯಬೇಕು. ನಾನು ತಡ ಮಾಡುತ್ತಿದ್ದೆ. ನೀವು ನನ್ನ ಮಣಿಕಟ್ಟು ಹಿಡಿದೆಳೆದು, "ಅಕಿ ಸರದಾಳ, ನೀ ಇನ್ನಾ ಯಾಕ ಒತ್ತಲತ್ತಿ?" ಅಂದಿರಿ.

ಆಮೇಲೆ ಉದ್ದ ಹಗ್ಗ: ನಾನು ನಡುವೆ ಹಗ್ಗ ಹಿಡಿದು ನಿಲ್ಲುವುದು, ಅವಳು ನನ್ನ ಸುತ್ತ ಓಡುವುದು. ಬೇವಿನ ಮರದ ಕೆಳಗೆ ದಿನಾ ಸುತ್ತು, ಎಡಕ್ಕೂ ಬಲಕ್ಕೂ. ಮೊದಲೆಲ್ಲ ಅವಳ ಮೂತಿ ಹೊರಗೆ, ಕಣ್ಣು ರಸ್ತೆ ಕಡೆ. ಒಂದು ಸಂಜೆ ಓಡುತ್ತಲೇ ಒಳಗಿನ ಕಿವಿ ನನ್ನತ್ತ ತಿರುಗಿಸಿದಳು. ಕತ್ತು ಇಳಿಯಿತು. ನಿಂತು ತುಟಿ ನೆಕ್ಕಿಕೊಂಡಳು. ನಾನು ಹಗ್ಗ ಬಿಟ್ಟು ಅಲ್ಲೇ ಕೂತುಬಿಟ್ಟೆ. ಅವಳೇ ಬಂದು ನನ್ನ ತಲೆ ಮೂಸಿದಳು.

ಪಶುವೈದ್ಯೆ ಮೇಡಂ, ನಿಮ್ಮನ್ನು ಹೇಗೆ ಮರೆಯಲಿ? ದವಡೆ ಹಲ್ಲುಗಳ ಮುಂದೆ ಒಂದು ಪುಟ್ಟ ಹಲ್ಲಿತ್ತು. ಲಗಾಮು ಎಳೆದಾಗಲೆಲ್ಲ ಕಡಿವಾಣ ಅದಕ್ಕೇ ತಾಗುತ್ತಿತ್ತು. ನೀವು ಅದನ್ನು ಕಿತ್ತಿರಿ. ನೋವಿಗೆ ತಲೆ ಕೊಡವಿದವಳಿಗೆ ನಾನು ಎರಡು ತಿಂಗಳು ಹೊಡೆದಿದ್ದೆ. ಬಿಜಲಿ, ತಪ್ಪಾಯಿತು. ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತಾಳೆ, ಆಗ ಸಿಡುಕು ಇರಬಹುದು ಅಂತಲೂ ನೀವೇ ಹೇಳಿದ್ದು. ಈಗ ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ಹಗುರ ಕೆಲಸ ಮಾಡಿಸುತ್ತೇನೆ.

ಮಳೆಗಾಲದಲ್ಲಿ ಎರೆಮಣ್ಣು ಗೊರಸಿಗೆ ಮೆತ್ತಿ ಕೆಲಸ ನಿಂತಿತು. ಆಮೇಲೆ ಸವಾರಿ: ನಡೆ, ನಿಲ್ಲು, ಮತ್ತೆ ನಡೆ, ಎರಡು ಮರಗಳ ಸುತ್ತ ಎಂಟರ ಆಕಾರ. ದುಲಕಿ ಓಟ ಆಮೇಲೆ.

ಪಕ್ಕದ ಹೊಲದ ಅಣ್ಣ, ಬಿಜಲಿ ಹೆದರಬಾರದು ಅಂತ ನೀವು 15 ದಿನ ಟ್ರ್ಯಾಕ್ಟರ್ ಚಾಲೂ ಮಾಡಿ, ಬಂದ್ ಮಾಡಿ, ದಿನಾ ನಾಲ್ಕು ಹೆಜ್ಜೆ ಹತ್ತಿರ ತಂದಿರಿ. ಡೀಸೆಲ್ ದುಡ್ಡೂ ತಗೊಳ್ಳಲಿಲ್ಲ. ಅವ್ವ, ನನ್ನ ಕೈ ಕೊರಳಿಗೆ ಕಟ್ಟಿದ್ದಾಗ ಕಣಿಕೆ ಹೊತ್ತವಳು ನೀನು.

ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬಿಜಲಿಯನ್ನೂ ಕರೆದುಕೊಂಡು ಬಾ ಅಂತ ತುಂಬಾ ಜನ ಕೇಳುತ್ತಿದ್ದಾರೆ. ಈ ವರ್ಷ ಬೇಡ. ಅಷ್ಟು ಜನ, ಅಷ್ಟು ಗದ್ದಲ ಅವಳಿಗೆ ಇನ್ನೂ ಜಾಸ್ತಿ. ಮಲ್ಲಯ್ಯನಿಗೆ ನಾನೊಬ್ಬನೇ ಕೈಮುಗಿದು ಬರುತ್ತೇನೆ. ಚಾಚಾ, ಸಂಜೆ ಚಹಾಕ್ಕೆ ಬನ್ನಿ. ನಿಮ್ಮ ಸೈಕಲ್ ಗಂಟೆ ಕೇಳಿದರೆ ಅವಳು ಮೇವು ಬಿಟ್ಟು ತಲೆ ಎತ್ತುತ್ತಾಳೆ.