ಘಾಟಿನ ಕೆಮ್ಮಲ್ಲ ಎಂದವರಿಗೆ

ನನ್ನ ಕ್ಷಯರೋಗದ ಚಿಕಿತ್ಸೆ ಕಳೆದ ವಾರ ಮುಗಿಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಗುಣವಾಗಿದೆ ಎಂದು ಕಾರ್ಡಿನ ಮೇಲೆ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಮದುವೆ ವಯಸ್ಸಿನ ತಂಗಿ ಇದ್ದಾಳೆ, ಕಾಯಿಲೆಯ ಹೆಸರನ್ನು ಮಾತ್ರ ಬಾಯಿಬಿಡಬೇಡ ಎಂದು ಹಿತೈಷಿಗಳು ಎಚ್ಚರಿಸಿದ್ದರು. "ಹೆಸರು ಹಾಕಿಯೇ ಬರೆ" ಎಂದವಳು ಅದೇ ತಂಗಿ. ಮೊದಲ ಧನ್ಯವಾದ ಅವಳಿಗೇ ಸಲ್ಲಬೇಕು.

ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ಕಾರಣ ಕೇಳುವುದಿಲ್ಲ. ಹಂಗಾಮಿನ ಸೋಮವಾರ, ಗುರುವಾರಗಳಲ್ಲಿ ನಮ್ಮ ಒಣಮೆಣಸಿನಕಾಯಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬರುವುದುಂಟು. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಚೀಲ ಬಿಚ್ಚಿ ಸುರಿದಾಗ ಏಳುವ ಘಾಟಿಗೆ ಹಮಾಲರೂ ಕೆಮ್ಮುತ್ತಾರೆ, ಖರೀದಿಗೆ ಬಂದ ಸೇಠರೂ ಕೆಮ್ಮುತ್ತಾರೆ. ಹಾಗಿರುವಾಗ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನಾನು ಕೆಮ್ಮಿದರೆ ವಿಶೇಷವೇನು? ಮನೆಯವರು ಘಾಟು ಎಂದರು. ಔಷಧ ಅಂಗಡಿಯವರೂ ಘಾಟು ಎಂದು ಸಿರಪ್ ಕೊಟ್ಟರು. ಖಾಸಗಿ ವೈದ್ಯರೊಬ್ಬರು ಅಲರ್ಜಿ ಎಂದರು. ಅದೂ ಘಾಟೇ, ಫೀಸು ಮಾತ್ರ ಬೇರೆ. ಹಂಗಾಮು ಮುಗಿದರೂ ಕೆಮ್ಮು ನಿಲ್ಲದಿದ್ದಾಗ ಇನ್ನೊಬ್ಬರು ಲೆವೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಬರೆದರು. ಜ್ವರ ಇಳಿಯಿತು, ಹಸಿವು ಮರಳಿತು, ಎಲ್ಲರೂ ನಿಟ್ಟುಸಿರು ಬಿಟ್ಟೆವು. ಆ ಗುಂಪಿನ ಮಾತ್ರೆಗಳು ಕ್ಷಯದ ಬ್ಯಾಕ್ಟೀರಿಯಾವನ್ನು ಸ್ವಲ್ಪ ಕಾಲ ಹತ್ತಿಕ್ಕುತ್ತವೆ, ನಿರ್ಮೂಲ ಮಾಡುವುದಿಲ್ಲ. ಹೀಗೆ ರೋಗ ಮರೆಯಲ್ಲಿ ಉಳಿದು ಪತ್ತೆ ಇನ್ನಷ್ಟು ಮುಂದೆ ಹೋಗುತ್ತದೆ ಎಂಬುದು ಆಮೇಲೆ ತಿಳಿಯಿತು. ಮಳೆಗಾಲಕ್ಕೆ ಕೆಮ್ಮು ಮರಳಿದಾಗ ಸಂಜೆಯ ಜ್ವರ, ರಾತ್ರಿಯ ಬೆವರು ಜೊತೆಗಿದ್ದವು. ಬೆಲ್ಟಿಗೆ ಹೊಸ ತೂತು ಹೊಡೆಸಬೇಕಾಯಿತು.

ಇವರಲ್ಲಿ ಯಾರೂ ನನಗೆ ಕೆಟ್ಟದ್ದು ಬಯಸಿದವರಲ್ಲ. ಎಲ್ಲರ ಬಳಿಯೂ ಒಂದು ಸಿದ್ಧ ಉತ್ತರವಿತ್ತು, ಅಷ್ಟೇ.

ಆ ಉತ್ತರಕ್ಕೆ ಜಗ್ಗದವರು ನಮ್ಮ ಓಣಿಯ ಆಶಾ ಕಾರ್ಯಕರ್ತೆ. ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದವರು ಗೋಡೆಯಾಚೆಯ ಕೆಮ್ಮು ಕೇಳಿ ನಮ್ಮ ಮನೆಗೂ ಬಂದರು. "ಎರಡು ವಾರ ದಾಟಿತೇ?" ಎಂದು ಕೇಳಿದರು. ಘಾಟು ಎಂದೆ. "ಈ ಮಳೆಯಲ್ಲಿ ಎಲ್ಲಿಯ ಘಾಟು?" ಎಂದವರು ಕಫ ಪರೀಕ್ಷೆಗೆ ಚೀಟಿ ಬರೆದೇ ಎದ್ದರು. ಅವರಿಗೆ ನನ್ನ ಕುಟುಂಬ ಋಣಿ.

ಪ್ರಯೋಗಾಲಯದ ತಂತ್ರಜ್ಞರನ್ನು ಯಾರೂ ನೆನೆಯುವುದಿಲ್ಲ, ನಾನು ನೆನೆಯುತ್ತೇನೆ. ನಾನು ಕೊಟ್ಟ ಡಬ್ಬಿಯನ್ನು ಬೆಳಕಿಗೆ ಹಿಡಿದು "ಇದು ಎಂಜಲು, ಕಫವಲ್ಲ" ಎಂದು ಮರಳಿಸಿದರು. ಬೆಳಿಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಉಸಿರನ್ನು ಆಳವಾಗಿ ಎಳೆದು ಹಿಡಿದು ಎದೆಯೊಳಗಿಂದ ಕೆಮ್ಮಬೇಕು ಎಂದು ತಾವೇ ಮಾಡಿ ತೋರಿಸಿದರು. ಎಂಜಲನ್ನೇ ಪರೀಕ್ಷಿಸಿ 'ಇಲ್ಲ' ಎಂದು ಬರೆದಿದ್ದರೆ ಸಿದ್ಧ ಉತ್ತರಗಳ ಸಾಲಿಗೆ ಸರ್ಕಾರಿ ಮೊಹರಿನದೂ ಒಂದು ಸೇರುತ್ತಿತ್ತು. ಮರುದಿನದ ಕಫ, ಕ್ಷಯದ ಬ್ಯಾಕ್ಟೀರಿಯಾ ಪತ್ತೆ ಹಚ್ಚುವ ಟ್ರೂನಾಟ್ ಯಂತ್ರಕ್ಕೆ ಹೋಯಿತು. ಕ್ಷಯವೆಂದೂ, ಆದರೆ ಅದರ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗುವ ಕ್ಷಯವೆಂದೂ ಅದೇ ದಿನ ಗೊತ್ತಾಯಿತು.

ಆರು ತಿಂಗಳ ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ಮೂರು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಅದು ಔಷಧದ ಬಣ್ಣ, ಹೆದರಿ ನಿಲ್ಲಿಸಬೇಡಿ ಎಂದು ಮೊದಲೇ ಹೇಳಿದ ಆರೋಗ್ಯ ಸಿಬ್ಬಂದಿಗೆ ನಮಸ್ಕಾರ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 500ರ ಬದಲು 1,000 ರೂಪಾಯಿಯಾಗಿದೆ. ನಮ್ಮ ಮನೆಯಲ್ಲಿ ಅದು ಮೊಟ್ಟೆ, ಶೇಂಗಾ ಆಯಿತು. ತಟ್ಟೆ ಲೋಟ ಬೇರೆ ಇಡು ಎಂದು ಬಂಧುಗಳು ಹೇಳಿದಾಗ ನನ್ನ ಹೆಂಡತಿ, ಇದು ಗಾಳಿಯಲ್ಲಿ ಹರಡುವ ರೋಗ, ತಟ್ಟೆಯದೇನು ತಪ್ಪು ಎಂದು ಕೇಳಿ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ನನಗೆ ಮಾಸ್ಕು ಕಡ್ಡಾಯ ಮಾಡಿದಳು. ಮನೆಯವರೆಲ್ಲರ ತಪಾಸಣೆ ಮಾಡಿಸಿ, ರೋಗ ತಡೆಯುವ ಮಾತ್ರೆಗಳನ್ನು ಎಲ್ಲರಿಂದಲೂ ನುಂಗಿಸಿದವಳೂ ಅವಳೇ. ಅವಳಿಗೆ ಇಲ್ಲಿ ಧನ್ಯವಾದ ಹೇಳಿದರೆ ಬೈಯುತ್ತಾಳೆ.

ಹೊಸ ಹಂಗಾಮು ಶುರುವಾಗಿದೆ. ನನಗಾದರೂ ತಿಂಗಳ ಸಂಬಳವಿದೆ. ತೊಟ್ಟು ಬಿಡಿಸಲು ಬರುವ ಹೆಂಗಸರಿಗೆ ಬಿಡಿಸಿದಷ್ಟೇ ಕೂಲಿ. ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೊತ್ತೆಲ್ಲ ಅವರಿಗೆ ನಷ್ಟ. ಮಗಳ ಸಂಬಂಧ ತಪ್ಪೀತೆಂಬ ಅಂಜಿಕೆ ಬೇರೆ. ಸೆರಗಿನೊಳಗೆ ಕೆಮ್ಮಿ ಮತ್ತೆ ಕೆಲಸಕ್ಕೆ ಬಾಗುತ್ತಾರೆ. ಈ ಸಲ ಬಹಳ ದಿನಗಳಿಂದ ಕೆಮ್ಮುತ್ತಿದ್ದ ಕೆಲವರನ್ನು ಪರೀಕ್ಷೆಗೆ ಕಳಿಸಿ, ಅರ್ಧ ದಿನದ ಕೂಲಿಯನ್ನು ಕೈಯಿಂದ ತುಂಬಿಕೊಟ್ಟ ನಮ್ಮ ಅಂಗಡಿಯ ಯಜಮಾನರಿಗೆ ದೊಡ್ಡ ಧನ್ಯವಾದ. ಮಾರುಕಟ್ಟೆಯ ಉಳಿದ ಯಜಮಾನರೂ ಇದನ್ನು ಓದುತ್ತಿರಬಹುದು: ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ, ಸೋಮವಾರ, ಗುರುವಾರ ಬಿಟ್ಟು ನಿಮಗೆ ಅನುಕೂಲವಾದ ದಿನ ಕಳಿಸಿಕೊಡಿ.