ಸೊನ್ನೆ ನುಂಗುವ ಡಿಸ್‌ಪ್ಲೇ ಕುರಿತು ದೂರು

ಇವರಿಂದ:
ಮಿಲ್ಲಿಂಗ್ ವರ್ಕ್‌ಶಾಪ್ ಮಾಲೀಕ,
ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಇವರಿಗೆ:
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಸೀರಿಯಲ್ ಡಿಸ್‌ಪ್ಲೇ ತಪ್ಪು ಅಳತೆ ತೋರಿಸುತ್ತಿರುವ ಬಗ್ಗೆ

ಮಾನ್ಯರೇ,

ನನ್ನ ಮಿಲ್ಲಿಂಗ್ ಯಂತ್ರದ ಹಳೆಯ ಡಿಆರ್‌ಒ (ಟೇಬಲ್ ಎಷ್ಟು ಸರಿದಿದೆ ಎಂದು ಅಂಕಿಯಲ್ಲಿ ತೋರಿಸುವ ಸಾಧನ) ಪರದೆ ಮಂಕಾಗಿದೆ. ಟೇಬಲ್ ಚಲನೆ ಅಳೆಯುವ ಸ್ಕೇಲ್‌ಗಳೂ, ಆ ಅಳತೆಯನ್ನು ಹೊರಗೆ ಕಳುಹಿಸುವ ಹಿಂಬದಿಯ ಆರ್‌ಎಸ್-232 ಪೋರ್ಟೂ ಚೆನ್ನಾಗಿವೆ. ಹೊಸ ಡಿಆರ್‌ಒ ಕೊಳ್ಳುವ ಶಕ್ತಿ ಇಲ್ಲದ ಕಾರಣ, ಆ ಪೋರ್ಟಿನಿಂದ ಅಳತೆ ಓದಿ ತೋರಿಸುವ ನಿಮ್ಮ ಡಿಸ್‌ಪ್ಲೇ ತರಿಸಿಕೊಂಡೆ.

ಕಳೆದ ತಿಂಗಳು ದಾಲ್ ಮಿಲ್ಲೊಂದರ ಬೇರಿಂಗ್ ಹೌಸಿಂಗ್‌ಗೆ ಡೋವೆಲ್ ಪಿನ್ ರಂಧ್ರ ಹಾಕಬೇಕಿತ್ತು. ಅಂತರ 38.250 ಮಿ.ಮೀ. ನಮ್ಮ ಕೆಲಸಗಾರ ಕೈಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಬಂದ, ಪರದೆಯಲ್ಲಿ 38.250 ಕಂಡ ಕೂಡಲೇ ನಿಲ್ಲಿಸಿದ, ರಂಧ್ರ ಕೊರೆದ. ಜೋಡಿಸುವಾಗ ಪಿನ್ ಕೂರಲಿಲ್ಲ. ವರ್ನಿಯರ್‌ನಲ್ಲಿ ಅಳೆದರೆ 38.02. ಹೌಸಿಂಗ್ ಕೆಲಸಕ್ಕೆ ಬಾರದಂತಾಯಿತು. ಹನ್ನೊಂದು ವರ್ಷದಿಂದ ನನ್ನ ಜೊತೆಗಿರುವ ಕೆಲಸಗಾರನನ್ನು ಎಲ್ಲರ ಮುಂದೆ ಬೈದೆ. ತಪ್ಪು ಅವನದಲ್ಲ ಎಂದು ತಿಳಿದದ್ದು ನಾಲ್ಕು ದಿನದ ನಂತರ. ಹೌಸಿಂಗ್ ಹೋದದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡುತ್ತಿದೆ.

ನಿಮ್ಮ ಸೇವಾ ವಿಭಾಗಕ್ಕೆ ಫೋನ್ ಮಾಡಿದಾಗ ಬಂದ ಉತ್ತರ: "ನಿಮ್ಮಲ್ಲಿ ಅರ್ಥಿಂಗ್ ಸರಿಯಿಲ್ಲ, ಮೋಟಾರಿನ ನಾಯ್ಸ್ (ವಿದ್ಯುತ್ ಅಡಚಣೆ) ಇರಬೇಕು." ಅದನ್ನೂ ಪರೀಕ್ಷಿಸಿದ್ದೇನೆ. ಸ್ಪಿಂಡಲ್ ಮೋಟಾರ್ ಪೂರ್ತಿ ಬಂದ್ ಮಾಡಿ, ಎರಡು ಮೀಟರಿನ ಶೀಲ್ಡ್ ಕೇಬಲ್ ಹಾಕಿ, ಕೈಯಿಂದಲೇ ಟೇಬಲ್ ಸರಿಸಿದರೂ ತಪ್ಪು ಅಂಕಿ ಬಂತು. ಅದೇ ಕೇಬಲನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಹತ್ತು ನಿಮಿಷ ದಾಖಲಿಸಿದೆ. ಡಿಆರ್‌ಒ ಕಳುಹಿಸಿದ ಅಳತೆಯ ಒಂದು ಸಾಲೂ ಕೆಟ್ಟಿರಲಿಲ್ಲ. ಹಾಗಾದರೆ ಅಂಕಿ ಬೀಳುತ್ತಿರುವುದು ನಿಮ್ಮ ಡಬ್ಬಿಯ ಒಳಗೆ.

ಹೇಗೆ ಎಂಬುದನ್ನೂ ಹೇಳುತ್ತೇನೆ. ನನ್ನ ಡಿಆರ್‌ಒ 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ ಕಳುಹಿಸುತ್ತದೆ. ಒಂದು ಅಕ್ಷರಕ್ಕೆ ಹತ್ತು ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ಟೇಬಲ್ ಸರಿಯುತ್ತಿರುವಷ್ಟು ಹೊತ್ತು ಸಾಲುಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಅಟ್‌ಮೆಗಾ 328 ಚಿಪ್ ಮತ್ತು ಆರ್ಡುಯಿನೊ ಲೈಬ್ರರಿ (ಸಿದ್ಧ ಪ್ರೋಗ್ರಾಂ ಭಾಗಗಳು) ಬಳಸಿದ್ದೇವೆಂದು ನಿಮ್ಮ ಕೈಪಿಡಿಯೇ ಹೇಳುತ್ತದೆ. ಅದರ ಸೀರಿಯಲ್ ಬಫರ್, ಅಂದರೆ ಬಂದ ಅಕ್ಷರಗಳನ್ನು ಓದುವವರೆಗೆ ಹಿಡಿದಿಡುವ ಜಾಗ, 64 ಬೈಟ್; ಒಂದು ಅಕ್ಷರಕ್ಕೆ ಒಂದು ಬೈಟ್. 67 ಮಿಲಿಸೆಕೆಂಡಿನೊಳಗೆ ತುಂಬಿಬಿಡುತ್ತದೆ. ನಿಮ್ಮ ಪ್ರೋಗ್ರಾಂ ಪ್ರತಿ ಸಾಲಿಗೂ ಪರದೆಯನ್ನು ಪೂರ್ತಿ ಅಳಿಸಿ ಮತ್ತೆ ಬರೆಯುವುದು ಕಣ್ಣಿಗೇ ಕಾಣುತ್ತದೆ. ಅಷ್ಟರಲ್ಲಿ ಬಫರ್ ತುಂಬಿದರೆ ಮುಂದೆ ಬಂದ ಅಕ್ಷರ ಕಳೆದುಹೋಗುತ್ತದೆ. 38.025 ರಿಂದ ಒಂದು ಸೊನ್ನೆ ಬಿದ್ದರೆ 38.25 ಉಳಿಯುತ್ತದೆ. ಮೂರು ದಶಮಾಂಶ ತುಂಬಿಸಲು ನಿಮ್ಮ ಪ್ರೋಗ್ರಾಂ ತಾನೇ ಕೊನೆಗೊಂದು ಸೊನ್ನೆ ಅಂಟಿಸಿ 38.250 ಎಂದು ತೋರಿಸುತ್ತದೆ. ಟೇಬಲ್ ನಿಂತ ಮೇಲೆ ನನ್ನ ಡಿಆರ್‌ಒ ಹೊಸ ಸಾಲು ಕಳುಹಿಸುವುದಿಲ್ಲ. ಸುಳ್ಳು ಅಂಕಿ ಅಲ್ಲೇ ಕೂರುತ್ತದೆ. ಲ್ಯಾಪ್‌ಟಾಪ್‌ನಿಂದ ಅವೇ ಸಾಲುಗಳನ್ನು ಸೆಕೆಂಡಿಗೊಂದರಂತೆ ಕಳುಹಿಸಿ ನೋಡಿದೆ, ಎಲ್ಲವೂ ಸರಿಯಾಗಿ ಬಂದವು.

ಪರದೆ ಖಾಲಿಯಾಗಿದ್ದರೆ ಕೆಲಸಗಾರ ಕೈಚಕ್ರದ ಉಂಗುರದ ಮೇಲಿನ ಅಳತೆ ಗೆರೆ ನೋಡಿಕೊಳ್ಳುತ್ತಿದ್ದ. ಸ್ಪಷ್ಟವಾಗಿ ಹೊಳೆಯುವ ಅಂಕಿಯನ್ನು ಅವನು ಯಾಕೆ ಅನುಮಾನಿಸಬೇಕು?

ನನ್ನ ಡಿಆರ್‌ಒ ಕಳುಹಿಸುವ ಪ್ರತಿ ಸಾಲೂ, ಸಾಲು ಮುಗಿಯಿತೆಂದು ಸೂಚಿಸುವ ಕೊನೆಯ ಎರಡು ಗುರುತು ಸೇರಿ, 34 ಅಕ್ಷರವೇ. ಉದ್ದ ಎಣಿಸಿ, ಹೊಂದದ ಸಾಲನ್ನು ಬಿಸಾಡಿ ಅಂಕಿಯ ಜಾಗದಲ್ಲಿ ಗೆರೆ ತೋರಿಸುವುದು, ಬದಲಾದ ಅಂಕಿಯನ್ನು ಮಾತ್ರ ಮತ್ತೆ ಬರೆಯುವುದು: ಇಷ್ಟೇ ಸಾಕು. ಪ್ರೋಗ್ರಾಂಗೆ ನೀವು ಬೀಗ ಹಾಕದೇ ಇದ್ದಿದ್ದರೆ ನಾನೇ ತಿದ್ದಿಕೊಳ್ಳುತ್ತಿದ್ದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಸರಿಪಡಿಸಿದ ಪ್ರೋಗ್ರಾಂ ಕೊಡಿ, ಇಲ್ಲವೇ ಡಿಸ್‌ಪ್ಲೇ ವಾಪಸ್ ಪಡೆದು ಹಣ ಹಿಂದಿರುಗಿಸಿ. ಹಾಳಾದ ಹೌಸಿಂಗ್‌ನ ಬೆಲೆಯನ್ನೂ ನೀವೇ ಭರಿಸಬೇಕು. ಇದೇ ಡಿಸ್‌ಪ್ಲೇ ಕೊಂಡ ಬೇರೆಯವರಿಗೂ ದೋಷದ ವಿಷಯ ತಿಳಿಸಿ. ಅವರ ಕೆಲಸಗಾರರೂ ಬೈಸಿಕೊಳ್ಳುತ್ತಿರಬಹುದು.

ವರ್ಕ್‌ಶಾಪ್‌ಗೆ ಕೊಂಡದ್ದು ವಾಣಿಜ್ಯ ಬಳಕೆ, ಗ್ರಾಹಕ ಕಾನೂನು ಅನ್ವಯಿಸದು ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಸ್ವಯಂ ಉದ್ಯೋಗದ ಜೀವನೋಪಾಯಕ್ಕಾಗಿ ಮಾತ್ರ ಕೊಂಡ ವಸ್ತುವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶವೆಂದು ಎಣಿಸುವುದಿಲ್ಲ. ಆ ಯಂತ್ರವೇ ನನ್ನ ಮನೆಯ ಅನ್ನ. ನಿಮ್ಮ ಕಚೇರಿ ಯಾವ ಊರಲ್ಲಿದ್ದರೂ ನಾನು ವಾಸವಿರುವ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ನೀವು ಉತ್ತರಿಸದಿದ್ದರೆ ಸಲ್ಲಿಸುತ್ತೇನೆ.

ಬಿಲ್ಲಿನ ಪ್ರತಿ, ಲ್ಯಾಪ್‌ಟಾಪ್ ದಾಖಲೆ ಮತ್ತು ಪರದೆಯ ವಿಡಿಯೊ ಇರುವ ಪೆನ್‌ಡ್ರೈವ್ ಲಗತ್ತಿಸಿದ್ದೇನೆ. ಹಾಳಾದ ಹೌಸಿಂಗನ್ನು ಎತ್ತಿಟ್ಟಿದ್ದೇನೆ, ಬಂದು ಅಳೆದು ನೋಡಬಹುದು.

ಇಂತಿ ತಮ್ಮ ವಿಶ್ವಾಸಿ,
(ಸಹಿ)